ಅಜ್ಜನ ಪರದೆ, ಅವ್ವನ ಶಾಲು

ಹೊಸ ಫ್ಲೆಕ್ಸ್ ಬಿಚ್ಚುವಾಗ ಗಂಟಲಿಗೆ ಹತ್ತುವ ಒಂದು ವಾಸನೆ ಬರುತ್ತದಲ್ಲ, ಅದು ಬಂದರೆ ನಾನು ಈಗಲೂ ರಸ್ತೆಯ ಆಚೆ ಬದಿಗೆ ಹೋಗುತ್ತೇನೆ. ಮೊನ್ನೆ ವಿಜಯವಾಡದ ನಮ್ಮ ಭವಾನಿಪುರಂನಲ್ಲಿ ಯಾವುದೋ ಕಲೋತ್ಸವಕ್ಕೆಂದು ಕಂಬಕ್ಕೆ ಕಟ್ಟುತ್ತಿದ್ದರು. ಸಾಲುಸಾಲು ದೊಡ್ಡವರ ಮುಖ, ಕಲಾವಿದರದು ಹುಡುಕಿದರೂ ಒಂದಿಲ್ಲ. ನಿಮ್ಮೂರಲ್ಲೂ ಹೀಗೇ ಇರಬೇಕು. ಆ ವಾಸನೆಯ ಹಿಂದೆಯೇ ನನಗೆ ಇನ್ನೊಂದು ವಾಸನೆ ನೆನಪಾಗುತ್ತದೆ: ಅಗಸೆ ಎಣ್ಣೆ, ಒಣಗಿದ ಬೇವಿನೆಲೆ, ಕರ್ಪೂರ. ಅದು ಅಜ್ಜನ ಪರದೆಯ ವಾಸನೆ, ಇಬ್ರಾಹಿಂಪಟ್ನಂನಲ್ಲಿದ್ದ ನಮ್ಮ ಎರಡು ಕೋಣೆಯ ಬಾಡಿಗೆ ಮನೆಯ ವಾಸನೆ.

ಎರಡು ಸಾವಿರದ ಇಸವಿ ಕಳೆದ ಹೊಸತು. ಅಪ್ಪ ಗದಗಿನಿಂದ ಅಲ್ಲಿಯ ವಿದ್ಯುತ್ ಸ್ಥಾವರದ ಕೆಲಸಕ್ಕೆ ಬಂದಿದ್ದ. ಅಜ್ಜ, ಅಂದರೆ ಅವ್ವನ ತಂದೆ, ನಾಟಕ ಕಂಪನಿಗಳಿಗೆ ಪರದೆ ಬರೆಯುತ್ತಿದ್ದವರು. ಕಂಪನಿಗಳು ಒಂದೊಂದಾಗಿ ಮುಚ್ಚಿದವು, ಪರದೆಗಳು ದಿಕ್ಕಾಪಾಲಾದವು, ಉಳಿದದ್ದು ಇದೊಂದೇ. ಬಟ್ಟೆಯ ತುಂಬ ತುಂಗಭದ್ರಾ, ದಡದ ಮೆಟ್ಟಿಲು, ಒಂದು ಅರಳಿಮರ, ನೀರಿಗೆ ಬಿದ್ದ ಸಂಜೆಯ ತೆಳು ಹಳದಿ ಬೆಳಕು. ಅವ್ವ ಅದನ್ನು ಕೋಲಿಗೆ ಸುತ್ತಿ ತವರಿನಿಂದ ತಂದಿದ್ದಳು. ಅರ್ಧರ್ಧ ಬಿಚ್ಚಿ ಧೂಳು ಒರೆಸುವ ದಿನ ನಾವು ಹಿತ್ತಲು ಸುತ್ತಿಯೇ ಅಡುಗೆಮನೆಗೆ ಹೋಗಬೇಕಿತ್ತು. “ಪರದೆ ದಾಟಬಾರದವ್ವಾ. ಇದಕ್ಕ ಕಾಯಿ ಒಡದು, ಆರತಿ ಮಾಡಿನ ನಾಟಕ ಸುರು ಮಾಡ್ತಿದ್ರು,” ಎನ್ನುತ್ತಿದ್ದಳು.

ಊರಲ್ಲೊಂದು ಬಯಲು ರಂಗಮಂದಿರವಿತ್ತು. ಹುಡುಗರು ಹಾಸಿಗೆಯ ಚಾದರ ಕಟ್ಟಿಕೊಂಡು ಅಲ್ಲಿ ತೆಲುಗು ನಾಟಕ ಆಡುತ್ತಿದ್ದರು. ಅದನ್ನು ಕಂಡು ಅವ್ವನಿಗೆ ಸುಮ್ಮನಿರಲಾಗಲಿಲ್ಲ. “ಸುತ್ತಿ ಮೂಲ್ಯಾಗ ಇಟ್ರ ಹುಳಾ ತಿಂತಾವು. ಊರಿಗೆ ಕೊಟ್ರ ಮಂದಿ ನೋಡ್ತಾರ,” ಎಂದು ಅಪ್ಪನ ಬಾಯಿ ಮುಚ್ಚಿಸಿ, ಪರದೆಯನ್ನು ಊರಿನ ಸಾಂಸ್ಕೃತಿಕ ಸಮಿತಿಗೆ ಒಪ್ಪಿಸಿಬಿಟ್ಟಳು. ನೆಲಕ್ಕೆ ಹಾಸಬಾರದು, ದಾಟಬಾರದು ಎಂಬುದಷ್ಟೇ ಅವಳ ಕರಾರು. ಸಮಿತಿಯ ಅಧ್ಯಕ್ಷರು ಸಿಮೆಂಟು ವ್ಯಾಪಾರಿ ಪ್ರಸಾದರಾವ್. “ದೇವುಡಿಲಾ ಚೂಸ್ಕುಂಟಾಮಮ್ಮಾ,” ಎಂದರು, ದೇವರಂತೆ ನೋಡಿಕೊಳ್ಳುತ್ತೇವೆ ಅಂತ. ಮೊದಲ ನಾಟಕದ ದಿನ ಜನ “ಇದಿ ಮನ ಕೃಷ್ಣೇ ಕದಾ!” ಎಂದು, ಇದು ನಮ್ಮ ಕೃಷ್ಣಾ ನದಿಯೇ ಅಲ್ಲವೇ ಅಂತ, ಹಿಗ್ಗಿದಾಗ ಅವ್ವ ತಿದ್ದಲು ಹೋಗಲಿಲ್ಲ. “ಇರಲಿ ಬಿಡು, ತುಂಗಭದ್ರಾ ಕಡೀಕ ಹರದು ಬರೂದು ಇಲ್ಲಿಗೇ ಅಲ್ಲೇನು,” ಎಂದು ನನ್ನ ಕಿವಿಯಲ್ಲಿ ನಕ್ಕಳು. ಆಮೇಲೆ ಒಂದೆರಡು ವರ್ಷ ಪ್ರತಿ ನಾಟಕಕ್ಕೂ ಕಾಯಿ ಒಡೆಯಲು ಹುಡುಗರು ಅವಳನ್ನೇ ಕರೆಯುತ್ತಿದ್ದರು. ಆ ದಿನಗಳಲ್ಲಿ ಅವ್ವ ಪರವೂರಿನವಳಾಗಿರಲಿಲ್ಲ.

ಪ್ರಸಾದರಾವ್ ಅವರ ಅಳಿಯ ಫ್ಲೆಕ್ಸ್ ಅಂಗಡಿ ತೆರೆದ ವರ್ಷ ಸಮಿತಿಯ ವಾರ್ಷಿಕೋತ್ಸವದಲ್ಲಿ ಅವ್ವನಿಗೆ ಸನ್ಮಾನವಾಯಿತು. ವೇದಿಕೆಯಲ್ಲಿ ಪರದೆ ಇರಬೇಕಾದ ಕಡೆ ಅಳಿಯನ ಫ್ಲೆಕ್ಸು, ಅದರಲ್ಲಿ ಮಾವನ ಮುಖ, ಅರಳಿಮರಕ್ಕಿಂತ ದೊಡ್ಡದು. ಅವ್ವನಿಗೊಂದು ಕೆಂಪು ಶಾಲು ಹೊದಿಸಿದರು. ಮಂಗಳಗಿರಿಯ ಕೈಮಗ್ಗದ್ದು ಎಂದು ಮೈಕಿನಲ್ಲಿ ಸಾರಿದರು. ಮುಟ್ಟಿದರೆ ಸಾಕಿತ್ತು, ಅಲ್ಲವೆಂದು ಗೊತ್ತಾಗುತ್ತಿತ್ತು. ಅವ್ವ ಕೈ ಮುಗಿದಳು. ಇಳಿದು ಬರುತ್ತಲೇ “ಪರದಾ ಎಲ್ಲೈತಿ?” ಎಂದು ನನ್ನ ಕೈ ಹಿಡಿದು ರಂಗಮಂದಿರದ ಹಿಂದಕ್ಕೆ ನಡೆದಳು.

ಅಲ್ಲಿ ಊಟದ ಪಂಕ್ತಿ ಕೂತಿತ್ತು. ಕೂತಿದ್ದು ನಮ್ಮ ಪರದೆಯ ಮೇಲೆ. ಅಜ್ಜನ ಮೆಟ್ಟಿಲ ಮೇಲೆ ಎಲೆಗಳು, ನದಿಯ ನಡುವೆ ಸಾಂಬಾರಿನ ಬಕೆಟ್ಟು, ಅರಳಿಮರದ ಮೇಲೆ ಚಪ್ಪಲಿ ಕಾಲಲ್ಲಿ ಬಡಿಸುವವರ ಓಡಾಟ. ನಮ್ಮ ಹಿಂದೆಯೇ ಬಂದ ಅಪ್ಪ ಕೂಗಾಡಲು ಹೊರಟ. ಅವ್ವ ತಡೆದಳು. ಉಣ್ಣುವವರನ್ನು ಎಲೆಯ ಮುಂದಿನಿಂದ ಎಬ್ಬಿಸುವುದು ಅವಳಿಂದಾಗುವ ಕೆಲಸವಲ್ಲ. ಪರಿಚಯದ ಹೆಂಗಸೊಬ್ಬಳು ಸರಿದು ಜಾಗ ಮಾಡಿ, “ಕೂರ್ಚೋಂಡಮ್ಮಾ, ಚೋಟುಂದಿ,” ಕೂತುಕೊಳ್ಳಿ, ಜಾಗವಿದೆ ಎಂದು ಪ್ರೀತಿಯಿಂದಲೇ ಕರೆದಳು. ಅವ್ವ ತನ್ನ ಚಪ್ಪಲಿಯನ್ನು ಕೈಯಲ್ಲಿ ಹಿಡಿದು, ಶಾಲು ಹೊದ್ದುಕೊಂಡೇ, ಎಲ್ಲರೂ ಉಂಡು ಏಳುವ ತನಕ ಪರದೆಯ ಅಂಚಿನಲ್ಲಿ ನಿಂತಿದ್ದಳು. ಅವರು ಮಜ್ಜಿಗೆಯನ್ನು ಎಷ್ಟು ನಿಧಾನ ಕುಡಿದರೋ! ಆ ಊರನ್ನು ನಾನು ದ್ವೇಷಿಸಲು ಕಲಿತದ್ದು ಆ ಮಜ್ಜಿಗೆಯ ಹೊತ್ತಿನಲ್ಲಿ.

ಮನೆಗೆ ತಂದು ಅಂಗಳದಲ್ಲಿ ಬಿಚ್ಚಿದೆವು. ತುಳಿತಕ್ಕೆ ಬಣ್ಣ ಬಿರಿದಿತ್ತು, ಎಲ್ಲೆಡೆ ಅರಿಸಿನ, ಅನ್ನದ ಅಗುಳು. ಅವ್ವ ಗಾಬರಿಯಲ್ಲಿ ಕೈಗೆ ಸಿಕ್ಕ ಬಟ್ಟೆ ಹಸಿ ಮಾಡಿ ಒರೆಸತೊಡಗಿದಳು. ಸಿಕ್ಕಿದ್ದು ಹೆಗಲ ಮೇಲಿನ ಶಾಲು. ಅದು ಬಣ್ಣ ಬಿಟ್ಟಿತು. ಬಿರುಕುಗಳಲ್ಲಿ ಕೆಂಪು ಇಳಿದು, ನಾವು ನೋಡುನೋಡುತ್ತಿದ್ದಂತೆಯೇ ನದಿಯ ತುಂಬ ಹರಡಿತು. ಅಪ್ಪ ಊರಿಗೆಲ್ಲ ಬೈದ. “ಅವರಿಗೆ ಯಾಕ ಬೈತೀರಿ,” ಎಂದಳು ಅವ್ವ, “ಶಾಲು ಹೊಚ್ಚಿಸಿಕೊಂಡು ಕೈ ಮುಗದಾಕಿ ನಾನ ಅಲ್ಲೇನು.” ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಎಂಬ ಗಾದೆಯೇ ಆಯಿತು. ಆಮೇಲೆ ಅವಳು ಆ ರಂಗಮಂದಿರದ ಕಡೆ ಹೋಗಲಿಲ್ಲ, ಅವರೂ ಕರೆಯಲಿಲ್ಲ.

ಆ ಮನೆ ಈಗಿಲ್ಲ, ಅಪ್ಪ ಅವ್ವ ಇಬ್ಬರೂ ಇಲ್ಲ. ಪರದೆ ನನ್ನ ಹತ್ತಿರವಿದೆ. ಮೊನ್ನೆ ಆ ಫ್ಲೆಕ್ಸಿನ ವಾಸನೆ ತಲೆಯಿಂದ ಹೋಗದೆ ಅದನ್ನು ಹೊರತೆಗೆದು, ಬೇವಿನೆಲೆ ಬದಲಿಸಲು ನಡುಮನೆಯಲ್ಲಿ ಅರ್ಧ ಬಿಚ್ಚಿದ್ದೆ. ಮಗಳಿಗೆ ಕನ್ನಡಕ್ಕಿಂತ ತೆಲುಗೇ ಸಲೀಸು. “ಅಮ್ಮಾ, ನದಿ ಎಂದುಕು ಎರ್ರಗಾ ಉಂದಿ?” ಎಂದಳು, ಯಾಕೆ ಕೆಂಪಗಿದೆ ಅಂತ.

“ಸಂಜಿ ಆಗೇದವ್ವಾ, ಅದಕ್ಕ,” ಎಂದೆ.

ಅವಳು “ಓ” ಎಂದು, ಪರದೆಯನ್ನು ದಾಟಿಕೊಂಡು ಟಿವಿಯ ಕಡೆ ಹೋದಳು. ನಾನು ತಡೆಯಲಿಲ್ಲ.