ಗಂಗವ್ವನ ಇನ್ನೊಂದು ಕಾಲು

ಮೊನ್ನೆ ಖಾಸಬಾಗದ ಸಂತೆಯಲ್ಲಿ ಮೆಂತ್ಯದ ಸೂಡು ಆರಿಸುತ್ತ ಹಿಂದಕ್ಕೆ ಸರಿದವಳು ಗಟಾರದ ಅಂಚಿನಲ್ಲಿ ಕಾಲು ಉಳುಕಿಸಿಕೊಂಡೆ. ಮನೆಗೆ ಬರುವಷ್ಟರಲ್ಲಿ ಬಲಗಾಲಿನ ಹರಡಿನ ಗಂಟು ಬಜ್ಜಿಯಂತೆ ಉಬ್ಬಿತ್ತು. ನಾನು ಎಲುಬಿನ ಡಾಕ್ಟರು, ಊರ ಮಂದಿಯ ಕಾಲು ಹಿಡಿದೇ ಹೊಟ್ಟೆ ಹೊರೆದವಳು. ಈಗ ಟಿಳಕವಾಡಿಯ ನನ್ನದೇ ದವಾಖಾನೆಯ ಮಂಚದ ಮೇಲೆ ಕಾಲು ಚಾಚಿ ಕೂರುವ ಪಾಳಿ ನನ್ನದಾಯಿತು. ಎದುರಿಗೆ ನಮ್ಮಲ್ಲಿ ಹೊಸದಾಗಿ ಸೇರಿದ ಹುಡುಗಿ ಡಾಕ್ಟರು. ಪಾಪ, ನನ್ನ ಕಾಲನ್ನು ಗಾಜಿನ ಬಳೆಯಂತೆ ಹಿಡಿದಿದ್ದಳು.

"ಇಲ್ಲಿ ನೋವೈತೇನ್ರಿ ಮೇಡಂ?"

"ಇಲ್ಲವ್ವಾ" ಎಂದುಬಿಟ್ಟೆ. ಯಾಕೆ ಹಾಗಂದೆನೋ! ಅಂದ ಕೂಡಲೇ ಗಂಗವ್ವ ನೆನಪಾದಳು.

ಗಂಗವ್ವ ಖಾನಾಪುರ ತಾಲೂಕಿನ ಪಾರಿಶ್ವಾಡದವಳು. ಕೊನೆಯ ವರ್ಷದ ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ನನ್ನ ಪಾಲಿಗೆ ಬಂದ ಪೇಶಂಟು. ನಿಮಗೆ ಗೊತ್ತಿರಲಿಕ್ಕಿಲ್ಲ, ನಮ್ಮ ಪರೀಕ್ಷೆಯ ಪ್ರಶ್ನೆಪತ್ರಿಕೆಗೆ ಜೀವ ಇರುತ್ತದೆ. ಎಲೆಅಡಿಕೆ ಹಾಕಿಕೊಂಡು ಮಂಚದ ಮೇಲೆ ಕೂತು ನಿಮ್ಮನ್ನೇ ನೋಡುತ್ತಿರುತ್ತದೆ. ಅವಳ ಬಲಪಾದದ ಕಮಾನು ಕುಸಿದು ನೆಲಕ್ಕೆ ಅಂಟಿತ್ತು. ನಿಲ್ಲಿಸಿ ಹಿಂದಿನಿಂದ ನೋಡಿದರೆ ಬೆರಳುಗಳು ಹೊರಬದಿಗೆ ಇಣುಕುತ್ತಿದ್ದವು. ಆ ಕಮಾನನ್ನು ಎತ್ತಿ ಹಿಡಿಯುವ ಸ್ನಾಯುವಿನ ಗಟ್ಟಿ ಹುರಿಯೊಂದು ಒಳಹರಡಿನ ಹಿಂದೆ ಇಳಿದು ಬರುತ್ತದೆ. ಅದೇ ಸೋತಿದೆ ಎಂದು ನನಗೆ ಅನ್ನಿಸಿತು. ಖಾತ್ರಿಯಾಗಬೇಕಾದರೆ ಅಲ್ಲಿ ಒತ್ತಿದಾಗ ನೋಯಬೇಕು.

ಒತ್ತಿದೆ. ಗಂಗವ್ವ ನಕ್ಕಳು.

"ನೋವಿಲ್ಲ ಬಿಡ ತಂಗಿ. ಹೂವಿನಂಗ ಒತ್ತಾಕತ್ತಿ."

ಇನ್ನಷ್ಟು ಒತ್ತಿದೆ, ಇನ್ನಷ್ಟು ನಕ್ಕಳು. ಒತ್ತುವಾಗ ಕಣ್ಣು ಪೇಶಂಟಿನ ಮುಖದ ಮೇಲಿರಬೇಕು ಎಂದು ನಮಗೆ ಕಲಿಸಿದ್ದರು. ಮುಖವೋ, ಮೊಮ್ಮಗಳ ಮದುವೆಗೆ ಬಂದವಳ ಹಾಗೆ ಅರಳಿತ್ತು. ನಪಾಸಾದೆ ಎಂದುಕೊಂಡು, ಅಳು ಬಂದು ತಲೆ ತಗ್ಗಿಸಿದೆ. ಆಗ ಕಂಡಿತು ಅವಳ ಇನ್ನೊಂದು ಕಾಲು. ನಾನು ಒತ್ತಿದಾಗಲೆಲ್ಲ ಆ ಎಡಗಾಲಿನ ಬೆರಳುಗಳು, ಕಾಲುಂಗುರ ಸಮೇತ, ಹಾಸಿಗೆಯ ಚಾದರವನ್ನು ಮುದುಡಿ ಹಿಡಿಯುತ್ತಿದ್ದವು.

"ಅವ್ವಾ, ಖರೇ ಹೇಳ್ರಿ, ನೋಯಾಕತ್ತೈತಿ ಹೌದಿಲ್ಲೋ?"

ಅವಳು ದನಿ ತಗ್ಗಿಸಿದಳು. "ಮುಂಜಾನಿ ಒಬ್ಬಾಕಿ ಹುಡುಗಿ ಒತ್ತಿದ್ಲು, ನಾ ಯಪ್ಪಾ ಅಂದೆ. ಆ ದೊಡ್ಡ ಸಾಹೇಬ್ರು ಆಕಿಗೆ ಎಷ್ಟು ಬೈದ್ರು ಅಂತಿ! ಅಳಕೋತ ಹೋದ್ಲು. ನಿನಗೂ ಬೈಸೂದು ಬ್ಯಾಡಂತ ತಡಕೊಂಡೆ."

ಎದೆ ತುಂಬಿ ಬಂತು. ಪರೀಕ್ಷೆಯ ಹೆದರಿಕೆಯೇನೂ ಕಡಿಮೆಯಾಗಲಿಲ್ಲ. "ನೋವು ಅಂದ್ರನ ನಾ ಪಾಸಾಗೂದ್ರಿ" ಎಂದೆ.

"ಅಯ್ಯ, ಮೊದಲ ಹೇಳಬಾರದೇನ!"

ಅಷ್ಟರಲ್ಲಿ ಪರೀಕ್ಷಕರು ಬಂದೇಬಿಟ್ಟರು. ಗಂಗವ್ವನ ಮೊಣಕಾಲಿಗೆ ಬೆರಳು ತಾಗಿಸಿದರು, "ಯಪ್ಪಾ!" ಹಿಮ್ಮಡಿ ಮುಟ್ಟಿದರು, "ಯಪ್ಪಾ, ಸತ್ತೆ!" ನೆಟ್ಟಗಿದ್ದ ಎಡಗಾಲನ್ನು ಮುಟ್ಟುವ ಮೊದಲೇ ಕೂಗಿದಳು. ಬಾಜು ಮಂಚದ ಮರಾಠಿ ಅಜ್ಜಿ "ಅಗ ಬಾಯಿ, ಕಾಯ್ ಝಾಲಂ?" ಎಂದು, ಏನಾಯ್ತೆಂದು ಕೇಳುತ್ತ ಎದ್ದು ಕೂತಳು. ಗಂಗವ್ವ ನನ್ನತ್ತ ನೋಡಿ ಕಣ್ಣು ಮಿಟುಕಿಸಿದಳು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ಎಲ್ಲಾ ಕಡೆ ನೋವಂತಾರ. ನೀ ಹೇಳೂ ರೋಗ ಎಲ್ಲೈತಿ?" ಎಂದು ಸಾಹೇಬರು ನನ್ನನ್ನು ಕೇಳಿದರು.

"ಸರ್, ಅವರ ಬಾಯಿ ಕೇಳಬ್ಯಾಡ್ರಿ. ಒತ್ತುಮುಂದ ಎಡಗಾಲಿನ ಬೆರಳು ನೋಡ್ರಿ."

ಹುಬ್ಬು ಗಂಟಿಕ್ಕಿಕೊಂಡೇ ಒತ್ತಿದರು. ಮೊಣಕಾಲು: ಕೂಗು ಬಂತು, ಬೆರಳು ಸುಮ್ಮನಿದ್ದವು. ಹಿಮ್ಮಡಿ: ಮತ್ತೆ ಕೂಗು, ಬೆರಳು ಸುಮ್ಮನೆ. ಒಳಹರಡಿನ ಹಿಂದೆ ಒತ್ತಿದಾಗ ಚಾದರವೆಲ್ಲ ಮುದುಡಿತು. ಸಾಹೇಬರು ಚಸ್ಮಾ ತೆಗೆದು ನಕ್ಕು, ಮತ್ತೇನೂ ಕೇಳದೆ ಮುಂದಿನ ಮಂಚಕ್ಕೆ ನಡೆದರು.

"ಪಾಸಾದಿಯೇನ?" ಎಂದು ಗಂಗವ್ವ ಪಿಸುಗುಟ್ಟಿದಳು. ಹೂಂ ಎಂದೆ.

"ನಾ ಹಂಗ ಒದರಿದ್ದಕ್ಕ" ಎಂದು ಬೀಗಿದಳು. ನಾನು ಅಲ್ಲವೆನ್ನಲಿಲ್ಲ. ಮುಂದೆ ಕಮಾನಿಗೆ ಆಸರೆ ಕೊಡುವ ಚಪ್ಪಲಿ ಮಾಡಿಸಿಕೊಟ್ಟಾಗ ಅವಳ ನೋವು ಎಷ್ಟೋ ಇಳಿಯಿತು. ಪಾರಿಶ್ವಾಡದಿಂದ ನನಗೊಂದು ಶೇಂಗಾದ ಗಂಟೂ ಬಂತು.

ಇಷ್ಟು ನೆನೆಯುವಷ್ಟರಲ್ಲಿ ನಮ್ಮ ಹುಡುಗಿ ಇನ್ನೊಮ್ಮೆ ಒತ್ತಿದಳು.

"ಇಲ್ಲೂ ಇಲ್ಲೇನ್ರಿ ಮೇಡಂ?" ಅವಳ ಮುಖ ಸಣ್ಣಗಾಗಿತ್ತು.

ನಾನು ಇನ್ನೂ ನಗುತ್ತಲೇ ಇದ್ದೆ. ಎಡಗಾಲು ನೋಡಿಕೊಂಡೆ: ಐದೂ ಬೆರಳು ಚಾದರ ಕಚ್ಚಿ ಹಿಡಿದಿದ್ದವು. ಗಂಗವ್ವನ ಕಥೆಯನ್ನು ಇಷ್ಟು ವರ್ಷ ನಗಿಸಲಿಕ್ಕೆಂದೇ ಹೇಳುತ್ತ ಬಂದಿದ್ದೇನೆ. ಅವತ್ತು ನಗುತ್ತ ಕೂರಲು ಆ ಜೀವಕ್ಕೆ ಎಷ್ಟು ಕಷ್ಟವಾಗಿತ್ತು ಎಂಬುದು ನನಗೆ ಗೊತ್ತಾದದ್ದು ಈಗ.

"ಯಪ್ಪಾ!" ಎಂದು ಒದರಿದೆ, ಗಂಗವ್ವನಷ್ಟೇ ಜೋರಾಗಿ. ಹೊರಗೆ ಕೂತಿದ್ದ ಪೇಶಂಟುಗಳೆಲ್ಲ ಗಾಬರಿಯಿಂದ ಬಾಗಿಲಲ್ಲಿ ಇಣುಕಿದರು.

ಹುಡುಗಿಯ ಮುಖ ಅರಳಿತು. "ಸಿಕ್ತ್ರಿ ಮೇಡಂ!"