ಒಂದು ಹಿಡಿ ಜೋಳ ಉಂಡವರು

ದೆವ್ವ, ಗಾಳಿ ಅಂದರೆ ನಗುವವಳು ನಾನು. ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಆದದ್ದನ್ನು ಆದ ಹಾಗೆ ಬರೆಯುತ್ತೇನೆ, ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಎಪ್ಪತ್ತರ ದಶಕದ ಮಾತು. ಜೋಗಿಮಟ್ಟಿ ಕಾಡಿನ ಅಂಚಿನಲ್ಲಿ ಮುಳ್ಳುಬೇಲಿಯ ನಮ್ಮ ಕುರಿ ರೊಪ್ಪ ಇತ್ತು. ಪಕ್ಕದಲ್ಲೊಂದು ವೀರಗಲ್ಲು, ಅದರಲ್ಲಿ ಈಟಿ ಹಿಡಿದ ಏಳು ಜನ. ಅವರು ಯಾವ ರಾಜನ ಮಂದಿಯೂ ಅಲ್ಲವಂತೆ, ಕೂಲಿಗೆ ಕಾದಾಡುವವರಂತೆ. ಒಂದೇ ಎಲೆಯಲ್ಲಿ ಉಂಡು ಆಣೆ ಇಟ್ಟವರು: ಯಾರ ಜೋಳ ತಿಂದರೋ ಅವರನ್ನು ಬಿಟ್ಟು ಹೋಗಬಾರದು, ಒಬ್ಬ ಬಿದ್ದರೆ ಉಳಿದವರು ಹಿಂದಕ್ಕೆ ಹೆಜ್ಜೆ ಇಡಬಾರದು. ಅದಕ್ಕೇ ನಮ್ಮ ಅತ್ತೆ ದಿನಾ ಸಂಜೆ ಕಲ್ಲಿನ ಮುಂದೆ ಒಂದು ಹಿಡಿ ಜೋಳ ಇಡುತ್ತಿದ್ದರು.

“ಕಲ್ಲಿಗೆ ಹೊಟ್ಟೆ ಎಲ್ಲೈತೆ ಅತ್ತೆ? ಇಲಿ ತಿಂತಾವೆ,” ಅನ್ನುತ್ತಿದ್ದೆ.

“ನಿನ್ ಬಾಯಿಗಿಂತ ಇಲಿ ಬಾಯಿ ವಾಸಿ, ಸುಮ್ಕಿರು,” ಅನ್ನುತ್ತಿದ್ದರು.

ಒಂದು ದಿನ ಅತ್ತೆಗೆ ಜ್ವರ ಏರಿ, ನನ್ನ ಗಂಡ ಅವರನ್ನು ಗಾಡಿಯಲ್ಲಿ ದುರ್ಗದ ಆಸ್ಪತ್ರೆಗೆ ಕರೆದುಕೊಂಡು ಹೋದ. ನಲವತ್ತು ಗಬ್ಬದ ಕುರಿಗಳ ಜೊತೆ ನಾನೊಬ್ಬಳೇ. ನಮ್ಮ ಬದುಕೆಲ್ಲ ಅವೇ. “ಜೋಳ ಮರೀಬ್ಯಾಡ ಲೇ,” ಅಂತ ಅತ್ತೆ ಗಾಡಿಯಿಂದಲೇ ಕೂಗಿದ್ದರು. ಹಿಡಿ ಜೋಳ ಕಲ್ಲಿನ ಮುಂದೆ ಸುರಿದು, “ತಗಳ್ರಪ್ಪ ಕೂಲಿ. ಉಂಡು ಮಲಗಿದ್ರೆ ನಿಮ್ಮನ್ನ ಬಟ್ಟೆ ಒಗೆಯೋ ಕಲ್ಲು ಮಾಡ್ಕಂತೀನಿ,” ಅಂದೆ.

ಹೊತ್ತು ಮುಳುಗುವ ಮೊದಲೇ ಮೂರು ತೋಳ ಬಂದವು. ರೊಪ್ಪದ ಬಾಗಿಲಿಗೆ ನಾನಿನ್ನೂ ಮುಳ್ಳು ಎಳೆದಿರಲಿಲ್ಲ. ನಾಯಿ ಬಾಲ ಮುದುರಿ ಕುರಿಗಳ ನಡುವೆ ಸೇರಿಕೊಂಡಿತು. ಕೋಲು ಹಿಡಿದು ಬಾಗಿಲಲ್ಲಿ ನಿಂತೆ. ಕೂಗಿದೆ, ಕೋಲು ಬೀಸಿದೆ, ಅವು ಕದಲಲಿಲ್ಲ.

ಆಗ ನನ್ನ ಎರಡೂ ಪಕ್ಕ ಈಟಿಯ ಬುಡ ನೆಲಕ್ಕೆ ಕುಟ್ಟಿದಂಥ ಸದ್ದು, ಒಂದೇ ಏಟಿಗೆ. ದುಡಿದ ಗಂಡಸರ ಬೆವರಿನ ವಾಸನೆ. ತೋಳಗಳು ನನ್ನನ್ನು ನೋಡಲಿಲ್ಲ. ನನ್ನ ಅಕ್ಕಪಕ್ಕ, ಆಳೆತ್ತರದಲ್ಲಿ ನೋಡಿದವು. ಮತ್ತೊಮ್ಮೆ ಸದ್ದಾಯಿತು. ಅವು ಕಾಡಿಗೆ ಓಡಿದವು. ಒಂದು ಕುರಿಯೂ ಹೋಗಲಿಲ್ಲ.

ಮಾರನೇ ದಿನ ವಾಪಸ್ ಬಂದ ಗಂಡ ಇದನ್ನು ಕೇಳಿ, “ಯಾರೋ ಸೌದೆಯೋರು ಬಂದಿರ್ಬೇಕು ಬಿಡೇ,” ಅಂದ. ನೆಲದಲ್ಲಿ ನನ್ನ ಹೆಜ್ಜೆ, ತೋಳದ ಹೆಜ್ಜೆ ಬಿಟ್ಟು ಬೇರೆ ಇರಲಿಲ್ಲ. ಹಳೇ ಕಲ್ಲುಗಳ ಬರಹ ಓದುವ ಮೇಷ್ಟ್ರೊಬ್ಬರು ಆಮೇಲೊಮ್ಮೆ ಬಂದರು. ಕಲ್ಲನ್ನು ತೊಳೆದು ಓದಿ, “ಇಂಥೋರು ಇದ್ದದ್ದು ನಿಜ ಕಣಮ್ಮ. ಈಗ್ಲೂ ಅದಾರೆ ಅನ್ನಕೆ ಪುರಾವೆ ಇಲ್ಲ,” ಅಂದರು. ಪುರಾವೆ ನನ್ನ ಹತ್ತಿರವೂ ಇಲ್ಲ.

ಇವತ್ತಿಗೂ ದೆವ್ವ ನಂಬುವುದಿಲ್ಲ. ಆದರೆ ಒಂದು ಹಿಡಿ ಜೋಳಕ್ಕೆ, ಅದೂ ಬೈದು ಹಾಕಿದ ಜೋಳಕ್ಕೆ, ಅಷ್ಟು ಗಟ್ಟಿಯಾಗಿ ನಿಲ್ಲುವ ಮಂದಿಯನ್ನು ಬದುಕಿರುವವರಲ್ಲಿ ನಾನು ಕಂಡಿಲ್ಲ. ಅವತ್ತು ಕತ್ತು ತಿರುಗಿಸಿದ್ದರೆ ಮುಖ ಕಾಣುತ್ತಿತ್ತೋ, ಬರೀ ಬಯಲೋ, ಗೊತ್ತಿಲ್ಲ. ತಿರುಗಿಸಲಿಲ್ಲ. ಪಕ್ಕದಲ್ಲಿ ನಿಂತವರು ಮುಂದೆ ನೋಡುತ್ತಿರುವಾಗ ನಾನೊಬ್ಬಳು ತಿರುಗುವುದು ಸರಿ ಅನ್ನಿಸಲಿಲ್ಲ.