ಮೂರು ತಿಂಗಳಿಗೆ ಒಂದು ಬ್ಯಾಗು, ಊರಿಗೊಂದು ಬಕೆಟ್ಟು

ಜೂನ್ 12, ಗುರುವಾರ, ಬೆಳಿಗ್ಗೆ 6.05. ನಾನು ಮನೆ ಬಿಟ್ಟು ಓಡಿಹೋಗುತ್ತಿದ್ದೇನೆಂದು ನಮ್ಮೂರಿಗೆಲ್ಲ ಗೊತ್ತಾಯಿತು. ನನಗೆ ಗೊತ್ತಾಗಿದ್ದು ಹತ್ತು ನಿಮಿಷ ತಡವಾಗಿ.

ಕ್ರಮವಾಗಿ ಹೇಳುತ್ತೇನೆ. (ದಿನಚರಿ ಬರೆಯುವವಳ ಚಟ. ನಿಮಗೆ ಹೊಸದೇನಲ್ಲ.)

ನನ್ನ ಕೆಲಸ ವಿಡಿಯೊಗಳಿಗೆ ಸಬ್‌ಟೈಟಲ್ ಬರೆಯುವುದು. ಲ್ಯಾಪ್‌ಟಾಪ್ ಮತ್ತು ನೆಟ್ ಇದ್ದರೆ ಎಲ್ಲಿ ಕೂತರೂ ನಡೆಯುತ್ತದೆ. ಹಾಗಾದರೆ ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆ ಪಕ್ಕದ ನಮ್ಮ ಹಳ್ಳಿಯಲ್ಲೇ ಯಾಕೆ ಕೂರಬೇಕು? ಮೂರು ತಿಂಗಳು, ಮೂರು ಊರು: ಮೈಸೂರು, ಕಾರವಾರ, ಬೀದರ್. ಕಂಪನಿಯವರು ಒಪ್ಪಿದರು. ಷರತ್ತು ಒಂದೇ. ಗುರುವಾರ ಸಂಜೆ ನಾಲ್ಕರ ಶಿಫ್ಟಿಗೆ ಮೈಸೂರಿನಿಂದ ಲಾಗಿನ್ ಆಗಬೇಕು. ಮೊದಲ ದಿನವೇ ತಪ್ಪಿದರೆ ತಿರುಗಾಟ ಕ್ಯಾನ್ಸಲ್.

ಒಂದೇ ಬ್ಯಾಗಿನಲ್ಲಿ ವರ್ಷಗಟ್ಟಲೆ ತಿರುಗುವವರ ವಿಡಿಯೊಗಳಿಗೆ ಸಬ್‌ಟೈಟಲ್ ಬರೆದೂ ಬರೆದೂ ನನಗೂ ಆ ಹುಚ್ಚು ಹತ್ತಿತ್ತು. ಹತ್ತಿರದ ಚಿನ್ನದ ಗಣಿ ಊರು ಆಂಡರ್ಸನ್‌ಪೇಟೆಗೆ ಹೋಗಿ ಒಂದು ಬ್ಯಾಗ್ ತಂದೆ. ("ಯಾವ ಕ್ಲಾಸಮ್ಮಾ?" ಎಂದ ಅಂಗಡಿಯವನು.) ಬಟ್ಟೆ ಮೂರು ಜೊತೆ: ಒಂದು ಮೈಮೇಲೆ, ಒಂದು ಬ್ಯಾಗಿನಲ್ಲಿ, ಒಂದು ಒಣಹಾಕುವ ಹಗ್ಗದ ಮೇಲೆ. ಲ್ಯಾಪ್‌ಟಾಪ್ ಸೇರಿ ಆರೂವರೆ ಕೆಜಿ. ಎಷ್ಟು ಹೆಮ್ಮೆಯಾಯಿತು ಗೊತ್ತಾ?

ಆ ವಿಡಿಯೊಗಳಲ್ಲಿ ಬ್ಯಾಗ್ ಹೆಗಲಿಗೇರಿಸಿ ಹೊರಟವರ ಹಿಂದೆ ಬಾಗಿಲು ಮೆಲ್ಲಗೆ ಮುಚ್ಚಿಕೊಳ್ಳುತ್ತದೆ. ಮ್ಯೂಸಿಕ್ ಬರುತ್ತದೆ. ಅವರ ಬಸ್‌ಸ್ಟಾಪಿನ ಎದುರು ಹಾಲಿನ ಡೈರಿ ಇರುವುದಿಲ್ಲ.

ನಮ್ಮದರ ಎದುರು ಇದೆ. ಬೆಳಿಗ್ಗೆ ಆರಕ್ಕೆ ಅಲ್ಲಿ ಅರ್ಧ ಊರು ಕ್ಯಾನ್ ಹಿಡಿದು ನಿಂತಿರುತ್ತದೆ. ಸಾಲಿನ ಮುಂದಿದ್ದವರು ಪಕ್ಕದ ಮನೆಯ ಮುನಿರತ್ನಮ್ಮ ದೊಡ್ಡಮ್ಮ.

"ಎಲ್ಲಿಗಮ್ಮಾ ಓಗ್ತಿದ್ದೀಯ ಇಷ್ಟೊತ್ತಿಗೇ?"

"ಕೆಲಸದ ಮೇಲೆ ದೊಡ್ಡಮ್ಮ. ಮೂರು ತಿಂಗಳು ಬರಲ್ಲ."

ದೊಡ್ಡಮ್ಮ ನನ್ನ ಬೆನ್ನು ನೋಡಿದರು. "ಮೂರು ತಿಂಗ್ಳಿಗೆ ಇಷ್ಟೇನಾ?"

"ಇಷ್ಟೇ ಸಾಕು. ಬೇಕಾದ್ದೆಲ್ಲ ಅಲ್ಲೇ ಸಿಗುತ್ತೆ."

"ಯಾರ್ ಕೊಡಿಸ್ತಾರೆ?"

ಸಾಲಿನ ಕತ್ತುಗಳೆಲ್ಲ ನನ್ನತ್ತ ತಿರುಗಿದವು. ಹಾಲು ಅಳೆಯುತ್ತಿದ್ದವನೂ ಕೈ ನಿಲ್ಲಿಸಿದ. "ನಾನೇ ತಗೋತೀನಿ" ಅಂದೆ. ಯಾರ ಕಿವಿಗೂ ಬೀಳಲಿಲ್ಲ. ಅಷ್ಟರಲ್ಲಿ ಬಸ್ ಬಂತು. ದೊಡ್ಡಮ್ಮ ಒಂದು ಕೈಯಲ್ಲಿ ಕ್ಯಾನು, ಇನ್ನೊಂದರಲ್ಲಿ ನನ್ನ ಬ್ಯಾಗಿನ ಪಟ್ಟಿ ಹಿಡಿದು ಕೂಗಿದರು: "ಈ ಮಗೂನ ಅತ್ತಿಸ್ಕೋಬ್ಯಾಡಪ್ಪೋ! ಇವ್ರಮ್ಮ ಬರ್ಲಿ ಮೊದ್ಲು!"

ಬಸ್ ಹೋಯಿತು. ಅಮ್ಮ ಬಂದಳು, ಹಾಲು ಕರೆದು ಕ್ಯಾನ್ ಹಿಡಿದು, ಇಲ್ಲಿನ ರಂಪ ಏನೂ ಗೊತ್ತಿಲ್ಲದೆ. "ನಂಗೊತ್ತು, ನಾನೇ ಕಳಿಸ್ತಾ ಇರೋದು" ಎಂದು ಹೇಳಿದಳು. ಎಲ್ಲರೂ ಅಯ್ಯೋ ಎನ್ನುವ ಹಾಗೆ ತಲೆಯಾಡಿಸಿದರು. ಹೆತ್ತವಳು ಇನ್ನೇನು ಹೇಳಿಯಾಳು?

ಆಗ ನನಗೆ ಹೊಳೆಯಿತು. ನಮ್ಮ ಕಡೆ ಹೆಣ್ಣುಮಕ್ಕಳು ಎಲ್ಲಿಗೆ ಹೋಗುತ್ತಾರೆಂದು ಯಾರೂ ಬಾಯಿಬಿಟ್ಟು ಕೇಳಬೇಕಾಗಿಲ್ಲ, ಲಗೇಜೇ ಹೇಳುತ್ತದೆ. ಬೀರು, ಮಂಚ ಹೊರಟರೆ ಮದುವೆ. ಟ್ರಂಕು, ಹಾಸಿಗೆ ಸುರುಳಿ ಹೊರಟರೆ ಹಾಸ್ಟೆಲ್ಲು. ಸಣ್ಣ ಬ್ಯಾಗೊಂದು ಹೊರಟರೆ, ಅದೂ ಬೆಳಿಗ್ಗೆ ಆರರ ಬಸ್ಸಿಗೆ, ಬಂಗಾರಪೇಟೆ ಸ್ಟೇಷನ್ನಿನಲ್ಲಿ ಯಾರೋ ಕಾಯುತ್ತಿದ್ದಾನೆ ಎಂದೇ ಅರ್ಥ.

ಅಮ್ಮ ನನ್ನನ್ನು ಮನೆಗೆ ಎಳೆದೊಯ್ದಳು. ಮುಂದಿನ ಬಸ್ 7.10ಕ್ಕೆ, ಟ್ರೈನ್ 8.20ಕ್ಕೆ. "ಇಂಗೆ ಓದ್ರೆ ಓಗೋದೇ ಬ್ಯಾಡ" ಎಂದು ಬೀರುವಿನ ಮೇಲಿಂದ ದೊಡ್ಡ ಸೂಟ್‌ಕೇಸ್ ಇಳಿಸಿ, ಒಳಗಿದ್ದ ಕಂಬಳಿಗಳನ್ನು ಮಂಚದ ಮೇಲೆ ಸುರಿದಳು.

"ಅಮ್ಮಾ, ಇದರೊಳಗೆ ಹಾಕೋಕೆ ನನ್ನ ಹತ್ರ ಏನೂ ಇಲ್ಲ."

"ಆಕು ಅಂತ ಯಾರಂದ್ರು? ಖಾಲೀನೇ ತಗಂಡೋಗು."

ಜೊತೆಗೆ ಬಚ್ಚಲಿನಿಂದ ಒಂದು ನೀಲಿ ಬಕೆಟ್ಟು ತಂದಿಟ್ಟಳು.

"ಬಕೆಟ್ ಯಾಕಮ್ಮಾ?"

"ಬಕೆಟ್ ತಗಂಡು ಯಾರೂ ಓಡೋಗಲ್ಲ ಕಣೆ."

ಬಕೆಟ್ಟನ್ನೂ ಎತ್ತಿಕೊಂಡೆ. ಬೇರೆ ದಾರಿ ಇತ್ತಾ? ನೀವೇ ಹೇಳಿ.

ಮತ್ತೆ ಡೈರಿ ಮುಂದೆ ಹಾದೆವು. ಹಾಲು ಹಾಕಿ ಮುಗಿದಿದ್ದರೂ ಒಬ್ಬರೂ ಮನೆಗೆ ಹೋಗಿರಲಿಲ್ಲ. ಖಾಲಿ ಸೂಟ್‌ಕೇಸ್ ಕಲ್ಲುಕಲ್ಲಿಗೂ ಕರುವಿನಂತೆ ನೆಗೆಯುತ್ತಿತ್ತು. "ಬಗ್ಗಿ ಎಳಿ, ಭಾರ ಐತೆ ಅನ್ನಂಗೆ" ಎಂದು ಅಮ್ಮ ಹಿಂದಿನಿಂದ ಪಿಸುಗುಟ್ಟಿದಳು. ಬಗ್ಗಿ ಎಳೆದೆ. ದೊಡ್ಡಮ್ಮನ ಮುಖ ಅರಳಿತು. "ಈಗ್ ನೋಡು, ಕೆಲ್ಸಕ್ಕೆ ಓಗ್ತಾವ್ಳೆ ಅನ್ನಂಗೈತೆ!"

ಗಂಡಾಂತರ ಬಂದದ್ದು ಬಸ್ಸಿನ ಬಾಗಿಲಲ್ಲಿ. ಕಂಡಕ್ಟರ್ ಸೂಟ್‌ಕೇಸ್ ಎತ್ತಿಕೊಡಲು ಎರಡೂ ಕೈ ಹಾಕಿ ಜೋರಾಗಿ ಎಳೆದರು. ಅದು ಗಾಳಿಪಟದಂತೆ ಮೇಲೆ ಬಂತು. ಅವರು ಹಿಂದಕ್ಕೆ ಬೀಳುವುದರಲ್ಲಿದ್ದರು. ಇಡೀ ಡೈರಿ ನೋಡುತ್ತಿದೆ. ಅಮ್ಮ ಕಣ್ಣಲ್ಲೇ ಕೈಮುಗಿದಳು.

ಆ ಪುಣ್ಯಾತ್ಮರು ಒಂದು ಕ್ಷಣ ಅಮ್ಮನನ್ನು ನೋಡಿದರು, ಒಂದು ಕ್ಷಣ ಡೈರಿಯನ್ನು. ಆಮೇಲೆ ಸೂಟ್‌ಕೇಸನ್ನು ಮೆಟ್ಟಿಲ ಮೇಲೆ ಇಳಿಸಿ, ಸೊಂಟ ಹಿಡಿದುಕೊಂಡು, "ಅಮ್ಮಮ್ಮಾ! ಏನ್ ತುಂಬಿದ್ದೀರಮ್ಮಾ ಇದ್ರಲ್ಲಿ?" ಎಂದು ಊರಿಗೆಲ್ಲ ಕೇಳುವಂತೆ ನರಳಿದರು. ಮತ್ತೆ ಎತ್ತುವಾಗ ಅವರ ಕುತ್ತಿಗೆಯ ನರ ಉಬ್ಬಿತ್ತು. ಅಂಥ ನಟನೆ ನಾನು ಯಾವ ವಿಡಿಯೊದಲ್ಲೂ ನೋಡಿಲ್ಲ. (ಅಮ್ಮನೂ ಹತ್ತಿದಳು. ಹೆಂಗಸರಾದ ನಮಗೆ ಟಿಕೆಟ್ ಫ್ರೀ. ಸೂಟ್‌ಕೇಸಿಗೆ ಮಾತ್ರ ಲಗೇಜ್ ಟಿಕೆಟ್ ಹರಿದರು. ಅಷ್ಟು ಭಾರಕ್ಕೆ ಹರಿಯದಿದ್ದರೆ ಅನುಮಾನ ಬರುವುದಿಲ್ಲವೇ?)

ಬಂಗಾರಪೇಟೆ ಪ್ಲಾಟ್‌ಫಾರ್ಮಿನಲ್ಲಿ ಅಮ್ಮ ನನ್ನ ಬ್ಯಾಗನ್ನು ಒಂದು ಕೈಯಲ್ಲಿ ಎತ್ತಿ ನೋಡಿದಳು. "ನಿಜ್ವಾಗ್ಲೂ ಇಷ್ಟೇ ಸಾಕೇನೆ?"

"ಸಾಕಮ್ಮ."

"ಎಷ್ಟು ಅಗುರ ಐತೆ" ಎಂದು ಒಮ್ಮೆ ಹೆಗಲಿಗೆ ಹಾಕಿಕೊಂಡಳು. ಟ್ರೈನ್ ಬಂತು, ಬಿಚ್ಚಿ ಕೊಟ್ಟಳು. ಸೂಟ್‌ಕೇಸೂ ಬಕೆಟ್ಟೂ ಅವಳ ಹತ್ತಿರವೇ ಉಳಿದವು.

ನಾಲ್ಕಕ್ಕೆ ಐದು ನಿಮಿಷವಿರುವಾಗ ಮೈಸೂರಿನಿಂದ ಲಾಗಿನ್ ಆದೆ. ಶುಭಂ ಅಂದುಕೊಂಡೆ.

ಏಳು ಗಂಟೆಗೆ ಅಮ್ಮನ ಫೋನು. ಸೂಟ್‌ಕೇಸ್ ಸಮೇತ ಊರಿಗೆ ಹೋದರೆ ಮಗಳು ವಾಪಸ್ ಬಂದಳು ಅನ್ನುತ್ತಾರೆ ಎಂದು, ಅದನ್ನೂ ಬಕೆಟ್ಟನ್ನೂ ಆಂಡರ್ಸನ್‌ಪೇಟೆಯ ಚಿಕ್ಕಮ್ಮನ ಮನೆಯಲ್ಲಿ ಇಡಲು ಹೋಗಿದ್ದಾಳೆ. ಐವತ್ತು ದಾಟಿದ ಹೆಂಗಸು, ಒಬ್ಬಳೇ, ಅಷ್ಟು ದೊಡ್ಡ ಸೂಟ್‌ಕೇಸು, ಮೇಲೊಂದು ಬಕೆಟ್ಟು. ಬೀದಿಯವರು ನೋಡಿದ್ದಾರೆ. ಎದುರು ಮನೆಯಾಕೆ "ಪಾವಂ, ಪಾವಂ" ಎಂದು ತಮಿಳಿನಲ್ಲಿ ಮರುಗುತ್ತಾ ಬಿಸಿ ಇಡ್ಲಿ ತಂದುಕೊಟ್ಟು, "ಗಂಡಸ್ರೇ ಅಷ್ಟು ಅಕ್ಕಾ, ನೀವು ಬಿಟ್ಟು ಬಂದಿದ್ದು ಸರಿ" ಎಂದು ಕೈ ಸವರಿದಳಂತೆ.

ಅಮ್ಮ ಅಪ್ಪನನ್ನು ಬಿಟ್ಟಿದ್ದಾಳೆ ಎಂಬ ಸುದ್ದಿ ಈಗ ನಂದಿದುರ್ಗ ಗಣಿಯ ಕಾರ್ಮಿಕರ ಲೈನ್ ಮನೆಗಳವರೆಗೂ ಹೋಗಿದೆ. ನಾಳೆ ಅಪ್ಪ ಅಲ್ಲಿಗೆ ಹೋಗಿ ಅಮ್ಮನ ಜೊತೆ ಬೀದಿಯ ಆ ತುದಿಯಿಂದ ಈ ತುದಿಗೆ ಎರಡು ಸಲ ನಗುನಗುತ್ತಾ ಓಡಾಡಬೇಕಂತೆ.

ಆರೂವರೆ ಕೆಜಿಗೆ ಓಡಿಹೋದವಳು, ಸೂಟ್‌ಕೇಸಿಗೆ ಗಂಡನನ್ನು ಬಿಟ್ಟವಳು. ಹಾಗಾದರೆ ಒಬ್ಬ ಹೆಂಗಸು ಸುಮ್ಮನೆ ಪ್ರಯಾಣ ಹೊರಟಿದ್ದಾಳೆ ಎಂದು ಊರು ನಂಬಬೇಕಾದರೆ ಲಗೇಜು ಸರಿಯಾಗಿ ಎಷ್ಟು ಕೆಜಿ ಇರಬೇಕು? ಬಲ್ಲವರು ದಯವಿಟ್ಟು ಬರೆದು ತಿಳಿಸಿ; ಅಮ್ಮನೂ ಕೇಳುತ್ತಿದ್ದಾಳೆ.